ಮಾವ ನಿನ್ನೆ ಬಂದಿದ್ದಾರೆ

ನಾನು ಏಳನೇ ಕ್ಲಾಸಲ್ಲಿದ್ದಾಗ ಬರೆದ ಒಂದು ರಜಾ ಅರ್ಜಿಯಿಂದ ಇವತ್ತಿನ ಮಾತು ಶುರು ಮಾಡ್ತೀನಿ. ಅದರಲ್ಲಿ ಒಂದು ವಾಕ್ಯ ಇತ್ತು: "ಮೈ ಅಂಕಲ್ ಹ್ಯಾಸ್ ಕಮ್ ಯೆಸ್ಟರ್‌ಡೇ." ಮೇಷ್ಟ್ರು ಕೆಂಪು ಇಂಕಲ್ಲಿ 'ಹ್ಯಾಸ್ ಕಮ್' ಅನ್ನೋದನ್ನ ಹೊಡೆದು ಹಾಕಿ, ಮೇಲೆ 'ಕೇಮ್' ಅಂತ ಬರೆದು ಕೊಟ್ರು. ಯಾಕೆ ಅಂತ ಹೇಳ್ಲಿಲ್ಲ. ಕೇಳೋ ಧೈರ್ಯ ನನಗೂ ಇರ್ಲಿಲ್ಲ.

ಆದ್ರೆ ಆ ತಿದ್ದುಪಡಿ ನನ್ನ ಮನಸ್ಸಿಗೆ ಒಪ್ಪಲೇ ಇಲ್ಲ. ಯಾಕಂದ್ರೆ ನಾನು ಆ ಅರ್ಜಿ ಬರೀತಿದ್ದಾಗ ಮಾವ ಅಲ್ಲೇ ಇದ್ರು. ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸ್ತಾ ಇದ್ರು. ಅವರ ಚೀಲ ಬಾಗಿಲ ಹಿಂದೆ ಇತ್ತು, ಒಗೆದ ಪಂಚೆ ಹಿತ್ತಿಲ ತಂತಿ ಮೇಲೆ ಒಣಗ್ತಾ ಇತ್ತು. 'ಕೇಮ್' ಅಂತ ಓದಿದಾಗ, ಮಾವ ಬಂದು ಹೊರಟೇ ಹೋದ್ರೇನೋ ಅನ್ನೋ ಹಾಗಿತ್ತು ನನಗೆ. ಮಾವ ಬಂದಿದ್ದು ನಿನ್ನೆ, ಸರಿ. ಆದ್ರೆ ಅವರು ಇದ್ದಾರಲ್ಲ! ಆ 'ಇದ್ದಾರೆ' ಎಲ್ಲಿಗೆ ಹೋಯ್ತು?

'ಹ್ಯಾಸ್ ಕಮ್' ಥರದ ರೂಪಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಅಂತಾರೆ. ಅದರ ಜೊತೆ ಬರೋ ಜಸ್ಟ್, ಆಲ್ರೆಡಿ, ಯೆಟ್, ಎವರ್, ನೆವರ್ ಇವುಗಳ ಪಟ್ಟಿ ನಿಮಗೆ ಎಲ್ಲಿ ಬೇಕಾದ್ರೂ ಸಿಗುತ್ತೆ. ಅದನ್ನ ಇಲ್ಲಿ ಒಪ್ಪಿಸೋದಿಲ್ಲ. ಪ್ರೆಸೆಂಟ್ ಪರ್ಫೆಕ್ಟ್ ಜೊತೆ ಕ್ರಿಯಾವಿಶೇಷಣ ಇಡುವಾಗ ಕನ್ನಡದವರು ಮಾಡೋ ತಪ್ಪುಗಳಿಗೆ ಬೇರು ಎಲ್ಲಿದೆ, ಅದನ್ನ ಹೇಳ್ಬೇಕು. ಅವು ಅಜ್ಞಾನದ ತಪ್ಪುಗಳಲ್ಲ. ನಮ್ಮ ಕನ್ನಡದ ನಿಯಮ ಇಂಗ್ಲಿಷ್ ಒಳಗೆ ಬಂದು ಮಾತಾಡ್ತಾ ಇದೆ, ಅಷ್ಟೇ.

'ಬಂದಿದ್ದಾರೆ' ಅನ್ನೋದನ್ನ ಬಿಡಿಸಿ ನೋಡಿ. ಬಂದು, ಇದ್ದಾರೆ. ಒಂದೇ ಪದದಲ್ಲಿ ಎರಡು ಕ್ರಿಯಾಪದ ಕೂತಿವೆ. 'ನಿನ್ನೆ' ಹೋಗಿ 'ಬಂದು' ಅನ್ನೋದಕ್ಕೆ ಅಂಟಿಕೊಳ್ಳುತ್ತೆ, 'ಇದ್ದಾರೆ' ತನ್ನ ಪಾಡಿಗೆ ಇವತ್ತಿನ ಮಾತು ಹೇಳುತ್ತೆ. "ಅಕ್ಕ ನಿನ್ನೆ ರಾತ್ರಿ ಬಂದಿದ್ದಾಳೆ, ಇನ್ನೆರಡು ದಿನ ಇರ್ತಾಳೆ." ಯಾವ ಕನ್ನಡಿಗರ ಕಿವಿಗೂ ಇದು ತಪ್ಪು ಅನಿಸೋದಿಲ್ಲ. ಇಂಗ್ಲಿಷಲ್ಲಿ ಹಾಗಾಗಲ್ಲ. 'ಹ್ಯಾಸ್ ಕಮ್' ಅಂದ ತಕ್ಷಣ ಇಡೀ ವಾಕ್ಯ ಈ ಹೊತ್ತಿಗೆ ಬಂದು ನಿಲ್ಲುತ್ತೆ. ಅದಕ್ಕೆ 'ಯೆಸ್ಟರ್‌ಡೇ' ಅಂತ ಇನ್ನೊಂದು ಗೂಟ ಹೊಡೆಯೋಕೆ ಆ ಭಾಷೆ ಬಿಡಲ್ಲ.

ಇದು ನಮ್ಮೊಬ್ಬರ ಕಷ್ಟ ಅಲ್ಲ. ಜರ್ಮನ್ ಭಾಷೆಯಲ್ಲೂ "ನಾನು ಅವನನ್ನ ನಿನ್ನೆ ನೋಡಿದ್ದೇನೆ" ಅನ್ನೋ ಥರದ ವಾಕ್ಯ ಸಲೀಸಾಗಿ ನಡೆಯುತ್ತೆ, ಫ್ರೆಂಚಲ್ಲೂ ನಡೆಯುತ್ತೆ. ಹಾಗಾದ್ರೆ ಇಂಗ್ಲಿಷಿಗೆ ಯಾಕೆ ಆಗಲ್ಲ? ಜರ್ಮನಿಯ ಭಾಷಾವಿಜ್ಞಾನಿ ವೋಲ್ಫ್‌ಗಾಂಗ್ ಕ್ಲೈನ್ 1992ರಲ್ಲಿ ಇದರ ಮೇಲೇ ಒಂದು ಲೇಖನ ಬರೆದ್ರು. ಅದರ ಹೆಸರೇ 'ದಿ ಪ್ರೆಸೆಂಟ್ ಪರ್ಫೆಕ್ಟ್ ಪಜಲ್'. ಅವರ ಉತ್ತರವನ್ನ ನಮ್ಮ ಮಾತಲ್ಲಿ ಹೇಳೋದಾದ್ರೆ: ನಾವು ಯಾವ ಹೊತ್ತಿನ ಬಗ್ಗೆ ಮಾತಾಡ್ತಿದ್ದೀವೋ ಆ ಹೊತ್ತು, ಘಟನೆ ನಡೆದ ಹೊತ್ತು, ಇವೆರಡನ್ನೂ ಒಂದೇ ವಾಕ್ಯದಲ್ಲಿ ಗಟ್ಟಿಯಾಗಿ ಕಟ್ಟಿಹಾಕೋಕೆ ಇಂಗ್ಲಿಷ್ ಒಪ್ಪಲ್ಲ. 'ಹ್ಯಾಸ್' ಆಗಲೇ 'ಈಗ' ಅನ್ನೋದನ್ನ ಕಟ್ಟಿದೆ. ಹಾಗಾಗಿ ಇನ್ನೊಂದು ತುದಿ ಸಡಿಲವಾಗಿರ್ಬೇಕು.

ಇಲ್ಲಿ ನನಗೊಂದು ಜಗಳ ಇದೆ. ಎಷ್ಟೋ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ "ಪ್ರೆಸೆಂಟ್ ಪರ್ಫೆಕ್ಟ್ ಅಂದ್ರೆ ಇತ್ತೀಚೆಗೆ ಮುಗಿದ ಕೆಲಸ" ಅಂತ ಹೇಳಿಕೊಡ್ತಾರೆ. ಇದು ತಪ್ಪು. ಅರ್ಧ ತಪ್ಪಲ್ಲ, ಪೂರ್ತಿ ದಾರಿ ತಪ್ಪಿಸೋ ಮಾತು. ಡೈನೋಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷ ಆಯ್ತು. ಆದ್ರೂ "ಡೈನೋಸಾರ್ಸ್ ಹ್ಯಾವ್ ಡೈಡ್ ಔಟ್" ಅನ್ನೋದು ಶುದ್ಧ ಇಂಗ್ಲಿಷ್. ಐದು ನಿಮಿಷದ ಹಿಂದೆ ಕಾಫಿ ಕುಡಿದಿದ್ದಕ್ಕೆ "ಐ ಹ್ಯಾವ್ ಹ್ಯಾಡ್ ಕಾಫಿ ಫೈವ್ ಮಿನಿಟ್ಸ್ ಅಗೋ" ಅನ್ನೋಕಾಗಲ್ಲ, "ಐ ಹ್ಯಾಡ್ ಕಾಫಿ" ಅನ್ಬೇಕು. ಐದು ನಿಮಿಷಕ್ಕೆ ಆಗಲ್ಲ, ಕೋಟಿ ವರ್ಷಕ್ಕೆ ಆಗುತ್ತೆ! ಅಂದ್ಮೇಲೆ ಎಷ್ಟು ಹಿಂದೆ ಅನ್ನೋದು ಲೆಕ್ಕಕ್ಕೇ ಇಲ್ಲ. ಗಡಿಯಾರ, ಕ್ಯಾಲೆಂಡರ್ ತೋರಿಸಿ ಇಂಥ ಹೊತ್ತು ಅಂತ ಹೇಳಿದ್ರಾ ಇಲ್ವಾ, ಅದೊಂದೇ ಲೆಕ್ಕ. 'ಅಗೋ' ಬಂತು ಅಂದ್ರೆ ಹೊತ್ತು ಹೇಳಿದ ಹಾಗೆ.

ಇದೇ ಕಾರಣಕ್ಕೆ 'ದಿಸ್ ಮಾರ್ನಿಂಗ್' ನನಗೆ ಬಹಳ ಇಷ್ಟದ ಉದಾಹರಣೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಆಫೀಸಲ್ಲಿ ನಿಂತು "ಐ ಹ್ಯಾವ್ ಹ್ಯಾಡ್ ತ್ರೀ ಕಾಫೀಸ್ ದಿಸ್ ಮಾರ್ನಿಂಗ್" ಅನ್ನಬಹುದು. ಬೆಳಿಗ್ಗೆ ಇನ್ನೂ ಮುಗಿದಿಲ್ಲ, ನಾಲ್ಕನೇದೂ ಬರಬಹುದು. ಅದೇ ಮಾತನ್ನ ಸಂಜೆ ನಾಲ್ಕಕ್ಕೆ ಹೇಳಿದ್ರೆ 'ಹ್ಯಾವ್' ಬಿಟ್ಟು "ಐ ಹ್ಯಾಡ್" ಅನ್ಬೇಕು. ಕಾಫಿ ಅದೇ, ಬೆಳಿಗ್ಗೆ ಅದೇ. ನೀವು ನಿಂತಿರೋ ಹೊತ್ತು ಬದಲಾಯ್ತು, ಅದರ ಜೊತೆ ಕ್ರಿಯಾಪದವೂ ಬದಲಾಯ್ತು.

ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಓದಿದವರಿಗೆ ಈ ನಿಯಮ ನೆನಪಿರುತ್ತೆ. ಹಿಂದಿನ ಹೊತ್ತು ಹೇಳೋ ಕ್ರಿಯಾವಿಶೇಷಣದ ಜೊತೆ ಪ್ರೆಸೆಂಟ್ ಪರ್ಫೆಕ್ಟ್ ಬೇಡ ಅಂತ ಆ ಪುಸ್ತಕ ಕಟ್ಟುನಿಟ್ಟಾಗಿ ಹೇಳುತ್ತೆ. ನಿಯಮ ಸರಿ. ನಮ್ಮ ಮಕ್ಕಳು ಯಾಕೆ ಅಲ್ಲೇ ಎಡವ್ತಾರೆ ಅನ್ನೋದು ಅದರಲ್ಲಿ ಸಿಗಲ್ಲ. ಅದು ಕನ್ನಡ ಬಲ್ಲವರು ಹೇಳಬೇಕಾದ ಮಾತು.

ಒಂದು ನಿಮಿಷ, ಮೇಲೆ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ಬೇಕು. ಹೊತ್ತು ಹೇಳಬಾರದು ಅಂದೆ. ಹಾಗಾದ್ರೆ "ಐ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ 2019" ಹೇಗೆ ಸರಿ? ಅಲ್ಲಿ ಇಸವಿಯೇ ಇದೆಯಲ್ಲ? ಇದೆ. ಆದ್ರೆ 'ಸಿನ್ಸ್' ಆ ಇಸವಿಯಿಂದ ಹಿಡಿದು ಈ ಕ್ಷಣದವರೆಗೂ ಎಳ್ಕೊಂಡು ಬರುತ್ತೆ. 2019 ಇಲ್ಲಿ ಘಟನೆಯ ಹೊತ್ತಲ್ಲ, ಹಗ್ಗದ ಆ ಕಡೆ ತುದಿ. ಈ ಕಡೆ ತುದಿ ನಿಮ್ಮ ಕೈಯಲ್ಲೇ ಇದೆ.

ಇಲ್ಲೂ ಕನ್ನಡ ಅಡ್ಡ ಬರುತ್ತೆ. ನಾವು "2019ರಿಂದ ಇಲ್ಲಿದ್ದೀನಿ" ಅಂತೀವಿ, "ಮೂರು ವರ್ಷದಿಂದ ಇಲ್ಲಿದ್ದೀನಿ" ಅಂತಲೂ ಅಂತೀವಿ. ಎರಡಕ್ಕೂ ಒಂದೇ 'ಇಂದ'. ಇಂಗ್ಲಿಷ್ ಅದನ್ನ ಎರಡು ಪಾಲು ಮಾಡುತ್ತೆ: ಶುರುವಾದ ಹೊತ್ತಿಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಜೊತೆಗೆ ನಮ್ಮ 'ಇದ್ದೀನಿ' ವರ್ತಮಾನ. ಅದಕ್ಕೇ "ಐ ಆಮ್ ಹಿಯರ್ ಸಿನ್ಸ್ ತ್ರೀ ಇಯರ್ಸ್" ಅನ್ನೋ ವಾಕ್ಯ ಹುಟ್ಟುತ್ತೆ. ಅದರ ಒಂದೊಂದು ಪದವೂ ಕನ್ನಡದಿಂದ ಪ್ರಾಮಾಣಿಕವಾಗಿ ಬಂದಿದೆ. ಇಂಗ್ಲಿಷಿಗೆ ಬೇಕಾಗಿರೋದು "ಐ ಹ್ಯಾವ್ ಬೀನ್ ಹಿಯರ್ ಫಾರ್ ತ್ರೀ ಇಯರ್ಸ್".

ಇನ್ನೊಂದು, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. "ನಿನ್ನೆ ಮೈಸೂರಿಗೆ ಹೋಗಿದ್ದೆ" ಅನ್ನೋದನ್ನ ನಾವು "ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ" ಅಂತೀವಿ. ಅಲ್ಲಿ ಬೇಕಿರೋದು ಬರೀ 'ವೆಂಟ್'. ಇನ್ನೊಂದು ಉದಾಹರಣೆ: "ಗಾಂಧೀಜಿ 1927ರಲ್ಲಿ ನಂದಿಬೆಟ್ಟದಲ್ಲಿ ತಂಗಿದ್ದರು." ಇದನ್ನ ಇಂಗ್ಲಿಷಲ್ಲಿ ಬರೆಯುವಾಗ ಕೈ ತಾನಾಗೇ 'ಹ್ಯಾಡ್ ಸ್ಟೇಡ್' ಅಂತ ಬರೆಯುತ್ತೆ. ಬೇಕಿರೋದು ಬರೀ 'ಸ್ಟೇಡ್'. ಕನ್ನಡದಲ್ಲಿ ನಾವು 'ತಂಗಿದ್ದಾರೆ' ಅನ್ನಲ್ಲ, 'ತಂಗಿದ್ದರು' ಅಂತೀವಿ, ಯಾಕಂದ್ರೆ ಅವರು ಈಗ ಅಲ್ಲಿಲ್ಲ. ಆದ್ರೆ "ಕುವೆಂಪು ಹೀಗೆ ಬರೆದಿದ್ದಾರೆ" ಅಂತ ಧಾರಾಳವಾಗಿ ಹೇಳ್ತೀವಿ. ಪುಸ್ತಕ ಇದೆಯಲ್ಲ! ಇಷ್ಟು ಸೂಕ್ಷ್ಮ ಇರೋ ಭಾಷೆ ನಮ್ಮದು.

ಉಳಿದಿದ್ದನ್ನ ಬೇಗ ಹೇಳ್ತೀನಿ. 'ಜಸ್ಟ್'ಗೆ ಪರ್ಫೆಕ್ಟ್ ಸರಿ, 'ಜಸ್ಟ್ ನೌ'ಗೆ ಸಾಮಾನ್ಯವಾಗಿ ಭೂತಕಾಲ: "ಐ ಸಾ ಹಿಮ್ ಜಸ್ಟ್ ನೌ." ಜಸ್ಟ್, ಎವರ್, ನೆವರ್ ಇವು 'ಹ್ಯಾವ್' ಮತ್ತು ಕ್ರಿಯಾಪದದ ನಡುವೆ ಕೂರ್ತವೆ. 'ಆಲ್ರೆಡಿ' ಹೆಚ್ಚಾಗಿ ಅಲ್ಲೇ, ಕೊನೆಗೂ ಬರುತ್ತೆ. 'ಯೆಟ್' ಸಾಮಾನ್ಯವಾಗಿ ಕೊನೆಗೆ. ಅಮೆರಿಕನ್ನರು "ಡಿಡ್ ಯು ಈಟ್ ಯೆಟ್?" ಅಂತಲೂ ಕೇಳ್ತಾರೆ, ನಮ್ಮ "ಊಟ ಆಯ್ತಾ?" ಹಾಗೇ ಭೂತಕಾಲದಲ್ಲಿ. ಅದನ್ನ ತಪ್ಪು ಅನ್ನಬೇಡಿ, ಆದ್ರೆ ಪರೀಕ್ಷೆಯಲ್ಲಿ ಬರೆಯಬೇಡಿ.

'ಯೆಟ್', 'ಸ್ಟಿಲ್' ಎರಡಕ್ಕೂ ನಮ್ಮಲ್ಲಿ 'ಇನ್ನೂ' ಇದೆ. ಹೀಗೆ ನೆನಪಿಟ್ಕೊಳ್ಳಿ: "ಬಸ್ಸು ಇನ್ನೂ ಬಂದಿಲ್ಲ" ಅಂದ್ರೆ "ಹ್ಯಾಸಂಟ್ ಕಮ್ ಯೆಟ್". ಅರ್ಧ ಗಂಟೆ ಬಿಸಿಲಲ್ಲಿ ನಿಂತು "ಬಸ್ಸು ಇನ್ನೂ ಬಂದೇ ಇಲ್ಲ" ಅಂತೀರಲ್ಲ, ಅದು "ಸ್ಟಿಲ್ ಹ್ಯಾಸಂಟ್ ಕಮ್". ಆ 'ಏ' ಒಳಗಿರೋ ಬೇಸರವೇ 'ಸ್ಟಿಲ್'.

ಈಗ ನನ್ನ ರಜಾ ಅರ್ಜಿ. ಆ ವಾಕ್ಯವನ್ನ ಇವತ್ತು ಬರೆಯೋದಾದ್ರೆ ಒಳಗಿರೋ ಎರಡು ಮಾತನ್ನ ಬೇರೆ ಮಾಡಿ ಬರೀತೀನಿ: "ಮೈ ಅಂಕಲ್ ಕೇಮ್ ಯೆಸ್ಟರ್‌ಡೇ ಅಂಡ್ ಈಸ್ ಸ್ಟೇಯಿಂಗ್ ವಿತ್ ಅಸ್." ಮಾವ ನಿನ್ನೆ ಬಂದ್ರು, ನಮ್ಮ ಜೊತೆ ಇದ್ದಾರೆ. ಇಂಗ್ಲಿಷೂ ಕೆಡಲಿಲ್ಲ, ಮಾವನೂ ಜಗಲಿ ಬಿಟ್ಟು ಎದ್ದು ಹೋಗಲಿಲ್ಲ.

ಇದನ್ನ ನೋಡ್ತಿರೋ ಮೇಷ್ಟ್ರುಗಳಿಗೆ, ಮಿಸ್ಸುಗಳಿಗೆ ಒಂದು ವಿನಂತಿ. ಮುಂದಿನ ಸಲ ಯಾವುದಾದ್ರೂ ಮಗು 'ಹ್ಯಾಸ್ ಕಮ್ ಯೆಸ್ಟರ್‌ಡೇ' ಅಂತ ಬರೆದ್ರೆ, ಕೆಂಪು ಗೆರೆ ಎಳೆಯೋ ಮುಂಚೆ ಅದನ್ನ ಕನ್ನಡದಲ್ಲಿ ಒಂದ್ಸಲ ಹೇಳೋಕೆ ಹೇಳಿ. ಆಮೇಲೆ ತಿದ್ದಿ.