ಪಾಳಿ ಮುಗಿದ ಮೇಲೆ ತೆರೆದಿರುವ ಚಿಕಿತ್ಸಾಲಯ ಬೇಕು

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಕೂಡುಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣದ ಪಾಠ)



ಈ ವೇದಿಕೆಯಿಂದ ನಾವು ಕೂಲಿಯ ಮಾತು ಆಡಿದ್ದೇವೆ, ಬೋನಸ್ಸಿನ ಮಾತು ಆಡಿದ್ದೇವೆ, ಪೇಟೆಯ ಮೇಲೆ ಬೀಳುವ ತೆರಿಗೆಯ ಮಾತು ಆಡಿದ್ದೇವೆ. ಈ ಹೊತ್ತು ಆಡಬೇಕಾದುದು ಕುಡಿತದ ಮಾತು. ಈ ಮಾತು ಎತ್ತಿದೊಡನೆ ಸಭೆಯಲ್ಲಿ ಅರ್ಧ ಜನ ನಗುತ್ತಾರೆ, ಅರ್ಧ ಜನ ನೆಲ ನೋಡುತ್ತಾರೆ. ಎರಡೂ ಬೇಡ. ಕ್ಷಯ ಬಂದವನನ್ನು ನೋಡಿ ನಾವು ನಗುವುದಿಲ್ಲ. ಸಕ್ಕರೆ ಕಾಯಿಲೆ ಬಂದವನು ನೆಲ ನೋಡಿಕೊಂಡು ಕೂರುವುದಿಲ್ಲ. ಕುಡಿತವೂ ಒಂದು ಹಂತ ದಾಟಿದ ಮೇಲೆ ಕಾಯಿಲೆಯೇ. ಅದಕ್ಕೆ ಚಿಕಿತ್ಸೆಯೂ ಉಂಟು. ಇರುವ ಚಿಕಿತ್ಸೆ ದುಡಿಯುವವನ ಕೈಗೆ ಏಕೆ ಎಟಕುತ್ತಿಲ್ಲ ಎಂಬುದೇ ಇಂದಿನ ಪ್ರಶ್ನೆ.

ಕುಡಿತದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಉಪದೇಶಕರಿದ್ದಾರೆ. ಮೊದಲನೆಯವರು, "ಮನಸ್ಸು ಗಟ್ಟಿ ಮಾಡಿಕೊ, ದೇವರ ಮುಂದೆ ಆಣೆ ಇಡು, ಬಿಟ್ಟುಹೋಗುತ್ತದೆ" ಎನ್ನುತ್ತಾರೆ. ಆಣೆಯಿಟ್ಟವನು ಬಟವಾಡೆಯ ದಿನ ಮತ್ತೆ ಕುಡಿದನೆಂದರೆ ಅವನನ್ನು ಹೀನನೆಂದು ಬೈದು ಬಾಗಿಲು ಹಾಕಿಕೊಳ್ಳುತ್ತಾರೆ. ಎರಡನೆಯವರು ನಮ್ಮ ಪಕ್ಷದೊಳಗೇ ಇದ್ದಾರೆ. "ಬಂಡವಾಳಶಾಹಿ ಇರುವ ತನಕ ಕುಡಿತ ಇದ್ದೇ ಇರುತ್ತದೆ, ಸಮಾಜವಾದ ಬಂದ ದಿನ ತಾನಾಗಿ ಹೋಗುತ್ತದೆ" ಎಂಬುದು ಅವರ ವಾದ. ರಾತ್ರಿ ಪಾಳಿ, ತೀರದ ಸಾಲ, ಒಂದೇ ಕೋಣೆಯಲ್ಲಿ ಆರು ಜನರ ಬಾಳು, ಇವು ಕುಡಿತವನ್ನು ಬೆಳೆಸುತ್ತವೆ ಎಂಬುದು ನಿಜ. ಆದರೆ ನಾಳೆ ಬೆಳಿಗ್ಗೆ ಕೈ ನಡುಗಿ, ಹರಿದ ಎಳೆ ಜೋಡಿಸಲಾರದೆ ನಿಲ್ಲುವ ಸಂಗಾತಿಗೆ "ಸಮಾಜವಾದ ಬರಲಿ, ತಾಳು" ಎನ್ನುವುದು ಸಮಾಜವಾದವಲ್ಲ. ಅವನಿಗೆ ನಾಳೆಯೇ ಹೋಗಲು ಒಂದು ಬಾಗಿಲು ಬೇಕು.

ಸರ್ಕಾರದ ನಡತೆಯನ್ನು ನೋಡಿರಿ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪಾಕೀಟು ಹೋಯಿತು. ಆ ಜಾಗಕ್ಕೆ ಅದಕ್ಕಿಂತ ದುಬಾರಿಯಾದ ಬಾಟಲಿ, ಟೆಟ್ರಾ ಪ್ಯಾಕು ಬಂದವು. 2025-26ರ ರಾಜ್ಯ ಮುಂಗಡಪತ್ರ ಅಬಕಾರಿ ಇಲಾಖೆಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಸಂಜೆ ನೈಂಟಿ ಕೊಳ್ಳುವ ಹಮಾಲನ ಜೇಬಿನಿಂದ, ಗಿರಣಿಯವನ ಕೂಲಿಯಿಂದ ಬರುವ ಹಣವೂ ಇದರಲ್ಲಿದೆ. ಕುಡಿತದಿಂದ ಕೆಟ್ಟವನ ಚಿಕಿತ್ಸೆಗೆ ಇದರಲ್ಲಿ ಎಷ್ಟು ಹಿಂದಿರುಗುತ್ತದೆ ಎಂದು ಕೇಳುವ ಹಕ್ಕು ನಮಗಿದೆ.

ಕೇಂದ್ರ ಸರ್ಕಾರವೇ 2019ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯೊಂದಿದೆ. ಅದರ ಪ್ರಕಾರ ಮದ್ಯದ ತೊಂದರೆಗೆ ನೆರವು ಬೇಕಾದವರು 5.7 ಕೋಟಿಗೂ ಹೆಚ್ಚು. ಮದ್ಯಕ್ಕೆ ಪೂರ್ತಿ ದಾಸರಾದವರಲ್ಲಿ ಯಾವುದಾದರೊಂದು ಚಿಕಿತ್ಸೆ ದೊರೆತದ್ದು 38 ಜನರಲ್ಲಿ ಒಬ್ಬನಿಗೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವನು 180 ಜನರಲ್ಲಿ ಒಬ್ಬ. ಉಳಿದವರೆಲ್ಲರೂ ಚಿಕಿತ್ಸೆ ಬೇಡವೆಂದರೆಂದು ತಿಳಿಯಬೇಡಿರಿ. ಚಿಕಿತ್ಸೆಯ ಬೆಲೆ ಏನೆಂದು ಲೆಕ್ಕ ಹಾಕಿರಿ.

ತಿಂಗಳಿಗೆ 15,000 ರೂಪಾಯಿ ಸಂಬಳದವನೊಬ್ಬನನ್ನು ತೆಗೆದುಕೊಳ್ಳೋಣ. ಒಂದು ತಿಂಗಳು ಕೇಂದ್ರದಲ್ಲಿ ಮಲಗಬೇಕು ಎಂದರೆ ಅವನ ಮನೆಯ ಒಲೆ ಯಾರು ಹಚ್ಚಬೇಕು? ಇ.ಎಸ್.ಐ. ಇದ್ದವನಿಗೆ ಕಾಯಿಲೆಯ ಕಾಲದಲ್ಲಿ ಸಿಗುವುದು ಸಂಬಳದ ನೂರಕ್ಕೆ 70 ಭಾಗ. ಅಂದರೆ 4,500 ರೂಪಾಯಿ ಖೋತಾ. ಗುತ್ತಿಗೆಯ ಕೂಲಿಯವನಿಗೆ ಎಷ್ಟೋ ಕಡೆ ಅದೂ ಇಲ್ಲ. ಕಿರಾಣಿ ಅಂಗಡಿಯವನಂತೂ ಒಂದು ತಿಂಗಳು ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಉದ್ರಿ ಕೊಟ್ಟದ್ದು ವಸೂಲಾಗದೆ ಉಳಿಯುತ್ತದೆ. ಇದರ ಮೇಲೆ ಖಾಸಗಿ ಕೇಂದ್ರದ ಶುಲ್ಕ ಬೇರೆ. ಕೆಲವು ಕೇಂದ್ರಗಳಲ್ಲಿ ಬೀಗ ಹಾಕಿ ಕೂಡಿಡುವುದನ್ನೇ ಚಿಕಿತ್ಸೆ ಎಂದು ಕರೆಯುತ್ತಾರೆ. ಆದುದರಿಂದ ಮನೆಯವರು ಸಾಲ ಮಾಡಿ ಸೇರಿಸುವುದು, ಅವನು ಹೊರಬಂದು ಅದೇ ಬೀದಿಗೆ, ಅದೇ ಸಾಲಕ್ಕೆ ಮರಳಿ, ಮತ್ತೆ ಕುಡಿಯುವುದು, ಇದು ಸುತ್ತುತ್ತಲೇ ಇರುತ್ತದೆ.

ಇದಕ್ಕೆ ಬೇರೆ ದಾರಿಯಿದೆ. ಅದಕ್ಕೆ ಹೊರರೋಗಿ ಚಿಕಿತ್ಸೆ ಎನ್ನುತ್ತಾರೆ. ರೋಗಿ ಮನೆಯಲ್ಲೇ ಇರುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಂದು ವೈದ್ಯರನ್ನು, ಸಲಹೆಗಾರರನ್ನು ಕಂಡುಹೋಗುತ್ತಾನೆ. ಇದು ಅಗ್ಗದ ಜನಕ್ಕೆ ಅಗ್ಗದ ಮದ್ದು ಎಂದು ಯಾರೂ ತಿಳಿಯಬಾರದು. ಇದರ ಫಲವನ್ನು ಅಳೆದು ನೋಡಿದ್ದಾರೆ, ಅದೂ ನಮ್ಮ ನೆರೆಯಲ್ಲಿಯೇ.

ನಮ್ಮ ಉತ್ತರ ಕರ್ನಾಟಕದ ಎಷ್ಟೋ ಕೂಲಿಕಾರರು ಹೊಟ್ಟೆಪಾಡಿಗೆ ಹೋಗಿ ನೆಲಸಿರುವ ಗೋವೆಯಲ್ಲಿ 'ಸಂಗಾತ್' ಎಂಬ ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ. ಲಾಭಕ್ಕಾಗಿ ನಡೆಸುವ ಸಂಸ್ಥೆಯಲ್ಲ. ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಅವರ ಜೊತೆಗಾರರು ಅದನ್ನು ಕಟ್ಟಿದರು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಅವರಿಗಾಗಿ ಕಾಯುತ್ತ ಕೂರುವುದಕ್ಕಿಂತ, ಊರಿನ ಸಾಮಾನ್ಯ ಜನರನ್ನೇ ತಯಾರು ಮಾಡಿದರೆ ಹೇಗೆ ಎಂದು ಅವರು ಯೋಚಿಸಿದರು. ವೈದ್ಯಶಾಸ್ತ್ರ ಓದದ, ಊರಿನ ಮಾತು ಬಲ್ಲ ಜನರನ್ನು ಆರಿಸಿ, ಕೆಲವು ವಾರ ಪಾಠ ಹೇಳಿ, ಆಮೇಲೆ ತಿಂಗಳುಗಟ್ಟಲೆ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿಸಿ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಲಹೆಗಾರರಾಗಿ ಕೂರಿಸಿದರು.

ಈ ಸಲಹೆಗಾರರು ಮಾಡಿದ್ದೇನು? ಕುಡಿತದಿಂದ ತೊಂದರೆಗೆ ಸಿಕ್ಕಿದವನೊಡನೆ ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತನಾಡಿದರು. ಬೈಗುಳವಿಲ್ಲ, ಆಣೆಯಿಲ್ಲ. ವಾರದಲ್ಲಿ ಎಷ್ಟು ಕುಡಿಯುತ್ತೀರಿ, ಅದರಿಂದ ಮೈಗೆ, ಮನೆಗೆ, ಕೆಲಸಕ್ಕೆ ಏನಾಗಿದೆ ಎಂಬುದನ್ನು ಅವನಿಂದಲೇ ಹೇಳಿಸಿದರು. ಗೆಳೆಯ ಕೈಹಿಡಿದು ಎಳೆದಾಗ ಬೇಡವೆನ್ನುವುದು ಹೇಗೆ, ಆಸೆ ಎದ್ದು ಬಂದ ಗಳಿಗೆಯನ್ನು ದಾಟುವುದು ಹೇಗೆ, ಮತ್ತೆ ಜಾರಿದರೆ ಎದ್ದು ನಿಲ್ಲುವುದು ಹೇಗೆ ಎಂದು ಕಲಿಸಿದರು.

ಫಲ 2017ರಲ್ಲಿ ಪ್ರಕಟವಾಯಿತು. ಹತ್ತು ಆರೋಗ್ಯ ಕೇಂದ್ರಗಳಲ್ಲಿ 377 ಗಂಡಸರ ಮೇಲೆ ನಡೆದ ಪರೀಕ್ಷೆ ಅದು. ಮೂರು ತಿಂಗಳ ಬಳಿಕ ನೋಡಿದಾಗ, ಹಿಂದಿನ ಹದಿನಾಲ್ಕು ದಿನ ಒಂದು ಹನಿಯೂ ಮುಟ್ಟದವರು ಸಲಹೆ ಪಡೆದವರಲ್ಲಿ ನೂರಕ್ಕೆ 42 ಮಂದಿ. ಮಾಮೂಲು ಔಷಧೋಪಚಾರವಷ್ಟೇ ಸಿಕ್ಕವರಲ್ಲಿ ನೂರಕ್ಕೆ 18 ಮಂದಿ. ಎಲ್ಲರೂ ಬಿಟ್ಟರೆಂದು ನಾವು ಹೇಳುವುದಿಲ್ಲ. ಕುಡಿಯುತ್ತಲೇ ಉಳಿದವರು ಕುಡಿಯುವ ಪ್ರಮಾಣ ಕಡಿಮೆಯಾದುದು ಕಾಣಲಿಲ್ಲ. ಆದರೂ ನಾಲ್ಕು ಸಲದ ಮಾತಿನಿಂದ ಇಷ್ಟಾಯಿತು ಎಂಬುದು ಸಣ್ಣ ಮಾತಲ್ಲ.

ಅದೇ ಸಂಸ್ಥೆ ಖಿನ್ನತೆಗೂ ಇದೇ ರೀತಿ ಚಿಕಿತ್ಸೆ ಕೊಟ್ಟು ನೋಡಿತು. ಖಿನ್ನತೆ ಎಂದರೆ ಬರಿಯ ಬೇಸರವಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವ ಸ್ಥಿತಿ. ತೀವ್ರ ಖಿನ್ನತೆಯವರಿಗೆ ಆರೆಂಟು ಸಲ ಕುಳಿತು ಮಾತನಾಡಿದ ಮೇಲೆ ಮೂರು ತಿಂಗಳಲ್ಲಿ ಚೇತರಿಸಿಕೊಂಡವರು ನೂರಕ್ಕೆ 64. ಆ ಸಲಹೆ ಇಲ್ಲದವರಲ್ಲಿ 39. ಕುಡಿತ ಮತ್ತು ಖಿನ್ನತೆ ಒಂದೇ ಮನೆಯ ಬಾಡಿಗೆದಾರರು. ಒಬ್ಬನು ದುಃಖ ಮರೆಯಲು ಕುಡಿಯುತ್ತಾನೆ, ಇನ್ನೊಬ್ಬನಿಗೆ ಕುಡಿದು ಕುಡಿದು ದುಃಖ ಹತ್ತುತ್ತದೆ. ಗಂಡ ಕುಡಿಯುವ ಮನೆಯಲ್ಲಿ ಒಂದು ಹನಿ ಮುಟ್ಟದ ಹೆಂಡತಿಯ ಮನಸ್ಸು ಕುಸಿದಿರುತ್ತದೆ, ಅದನ್ನು ಕೇಳುವವರಿಲ್ಲ. ಆದುದರಿಂದ ಎರಡೂ ಚಿಕಿತ್ಸೆಗಳು ಒಂದೇ ಸೂರಿನಡಿ ಇರಬೇಕು; ಆ ಬಾಗಿಲು ಹೆಂಗಸರಿಗೂ ತೆರೆದಿರಬೇಕು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇದು ಜೀವದ ಪ್ರಶ್ನೆ. ಗೋವೆಯ ಸಲಹೆ ಕುಡಿತ ಅಪಾಯದ ಹಂತಕ್ಕೆ ಬಂದಿದ್ದರೂ ಇನ್ನೂ ದಾಸನಾಗದವನಿಗೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗಿ, ಬೆವರಿ, ಕುಡಿದ ಮೇಲಷ್ಟೇ ನಡುಕ ನಿಲ್ಲುವವನು ದಾಸನಾಗಿದ್ದಾನೆ. ಅಂಥವನು ಥಟ್ಟನೆ ಬಿಟ್ಟರೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನ ಕಳೆಯುವಷ್ಟರಲ್ಲಿ ದಿಕ್ಕು ತಪ್ಪಿ, ಇಲ್ಲದ್ದನ್ನು ಕಂಡಂತೆ ಆಡಬಹುದು, ಪ್ರಾಣವೂ ಹೋಗಬಹುದು. ಅವನನ್ನು ಕೋಣೆಯಲ್ಲಿ ಕೂಡಿಹಾಕಿ "ಮೂರು ದಿನ ಕಳೆಯಲಿ" ಎನ್ನಬೇಡಿರಿ. ವೈದ್ಯರ ಬಳಿಗೆ ಕರೆದೊಯ್ಯಿರಿ. ನಡುಕ ತಗ್ಗಿಸುವ ಔಷಧವನ್ನು ದಿನದಿನಕ್ಕೆ ಇಳಿಸುತ್ತ, ಬಿ-1 ವಿಟಮಿನ್ ಕೊಡುತ್ತ, ಸುಮಾರು ಒಂದು ವಾರದಲ್ಲಿ ಅವನನ್ನು ದಡ ಸೇರಿಸುತ್ತಾರೆ. ನೋಡಿಕೊಳ್ಳುವ ಮನೆಯವರಿದ್ದರೆ ಅನೇಕರಿಗೆ ಇದನ್ನು ಹೊರರೋಗಿಯಾಗಿಯೇ ಮಾಡಬಹುದು. ಹಿಂದೆ ಫಿಟ್ಸ್ ಬಂದವನನ್ನು, ದಿಕ್ಕು ತಪ್ಪಿದ್ದವನನ್ನು ಕೆಲವು ದಿನ ಆಸ್ಪತ್ರೆಯಲ್ಲಿ ಮಲಗಿಸಲೇಬೇಕು.

ತಾಯಂದಿರಲ್ಲಿ ಒಂದು ವಿನಂತಿ. ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸಿ ಕೊಡಿ ಎಂದು ಹೇಳುವವರಿದ್ದಾರೆ. ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಮದ್ಯ ಬಿದ್ದರೆ ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಇಳಿದು ಜೀವಕ್ಕೇ ಅಪಾಯವಾಗಬಹುದು. ಅದು ಒಳ್ಳೆಯ ಔಷಧವೇ. ಆದರೆ ವೈದ್ಯರು ಪರೀಕ್ಷಿಸಿ, ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆ ಕೊಡತಕ್ಕದ್ದು. ನಿಮ್ಮ ಸಂಕಟ ನಮಗೆ ತಿಳಿಯದ್ದಲ್ಲ. ಆದರೂ ಗುಟ್ಟಿನ ಮದ್ದು ಬೇಡ.

ಇದೆಲ್ಲ ನಮ್ಮ ಜಿಲ್ಲೆಗಳಲ್ಲಿ ನಡೆಯುವ ಮಾತೇ ಎಂದು ಕೇಳುವವರಿಗೆ ಬಳ್ಳಾರಿಯನ್ನು ನೆನಪು ಮಾಡಿಕೊಡುತ್ತೇವೆ. 1985ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದೇಶಕ್ಕೆ ದಾರಿ ತೋರಿಸಿದ್ದು ನಮ್ಮದೇ ನೆಲ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ 'ಮನೋಚೈತನ್ಯ' ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿ ಉಂಟು. ಅದನ್ನು ಸ್ವಾಗತಿಸುತ್ತೇವೆ. ಆದರೆ ಮಂಗಳವಾರ ಹಗಲು ಕಾರ್ಮಿಕನು ಎಲ್ಲಿರುತ್ತಾನೆ? ಯಂತ್ರದ ಮುಂದೆ. ವರ್ತಕನು ಎಲ್ಲಿರುತ್ತಾನೆ? ಗಲ್ಲಾದ ಹಿಂದೆ. ಪುಕ್ಕಟೆ ಚಿಕಿತ್ಸೆಗೆ ಒಂದು ದಿನದ ಕೂಲಿ ತೆರಬೇಕಾದರೆ ಅದು ಪುಕ್ಕಟೆಯಾಗಿ ಉಳಿಯುವುದಿಲ್ಲ.

ಕಾನೂನು ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಕಡೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎಂದು ಹೇಳಿದೆ. ಮದ್ಯ ಹಾಗೂ ಮಾದಕ ವಸ್ತುಗಳಿಂದ ಬಂದ ಮಾನಸಿಕ ತೊಂದರೆಗಳೂ ಆ ಕಾಯಿದೆಯೊಳಗೆ ಸೇರಿವೆ. ಯಾರನ್ನೂ ಸರಪಳಿಯಿಂದ ಕಟ್ಟಕೂಡದೆಂದೂ ಅದು ಹೇಳುತ್ತದೆ. ಹಕ್ಕು ಪುಸ್ತಕದಲ್ಲಿದೆ, ಅದನ್ನು ಬೀದಿಗೆ ತರುವುದು ಸಂಘದ ಕೆಲಸ.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ. ಮೊದಲನೆಯದು, ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಂಜೆ, ಪಾಳಿ ಬಿಟ್ಟ ಮೇಲೆ, ಕುಡಿತಕ್ಕೂ ಮನೋರೋಗಕ್ಕೂ ಹೊರರೋಗಿ ಚಿಕಿತ್ಸೆ ನಡೆಯಬೇಕು. ಎರಡನೆಯದು, ಔಷಧಗಳು ಅಲ್ಲಿಯೇ ಪುಕ್ಕಟೆ ಸಿಗಬೇಕು, ಹೊರಗೆ ಚೀಟಿ ಬರೆದು ಕಳುಹಿಸಕೂಡದು. ಮೂರನೆಯದು, ಚಿಕಿತ್ಸೆಗೆ ಹೋದ ಕಾರಣಕ್ಕೆ ಯಾವ ಕಾರ್ಮಿಕನನ್ನೂ ಕೆಲಸದಿಂದ ತೆಗೆಯಬಾರದು, ಅವನ ಹೆಸರು ಮಾಲೀಕನ ಕಿವಿಗೆ ಬೀಳಬಾರದು. ನಾಲ್ಕನೆಯದು, ಅಬಕಾರಿ ವರಮಾನದಲ್ಲಿ ಒಂದು ಗೊತ್ತಾದ ಪಾಲನ್ನು ಈ ಚಿಕಿತ್ಸೆಗೆಂದೇ ಕಾನೂನಿನ ಮೂಲಕ ತೆಗೆದಿಡಬೇಕು.

ಬೇಡುವುದಷ್ಟೇ ಅಲ್ಲ, ನಾವು ಮಾಡಬೇಕಾದುದೂ ಇದೆ. ಸಂಘದ ಕಚೇರಿಯ ಹಿಂದಿನ ಕೋಣೆ ಸಂಜೆ ಖಾಲಿ ಬಿದ್ದಿರುತ್ತದೆ. ಅದನ್ನು ಬಿಟ್ಟುಕೊಡೋಣ. ನಮ್ಮಲ್ಲಿ ಹತ್ತನೆಯ ತರಗತಿ ಓದಿದ, ಗುಟ್ಟು ಕಾಯಬಲ್ಲ, ತಾಳ್ಮೆಯಿಂದ ಕೇಳಬಲ್ಲ ಇಬ್ಬರು ಗಂಡಸರನ್ನೂ ಇಬ್ಬರು ಹೆಂಗಸರನ್ನೂ ಆರಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಕೈಯಲ್ಲಿ ತರಬೇತಿ ಕೊಡಿಸೋಣ. ಬಟವಾಡೆಯ ಸಂಜೆ ಚಿಕಿತ್ಸೆಯಲ್ಲಿರುವವನನ್ನು ಒಂಟಿಯಾಗಿ ಬಿಡದೆ ಇಬ್ಬರು ಸಂಗಾತಿಗಳು ಮನೆಯ ತನಕ ಜೊತೆಗೆ ಹೋಗಲಿ. ಅವನು ಮತ್ತೆ ಜಾರಿದರೆ ಸೋತನೆಂದು ಹೇಳಬೇಡಿರಿ; ಸಕ್ಕರೆ ಏರಿದವನನ್ನು ಮತ್ತೆ ವೈದ್ಯರ ಬಳಿಗೆ ಕಳುಹಿಸುವಂತೆ ಇವನನ್ನೂ ಕಳುಹಿಸಿರಿ.

ಕಾಯಲಾರದವರು ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ದೂರವಾಣಿ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಗಿರಣಿಯ ಗೇಟಿನಲ್ಲಿ, ಪ್ರತಿ ಅಂಗಡಿಯ ಗಲ್ಲಾದ ಮೇಲೆ ಬರೆದು ಹಚ್ಚಿರಿ.

ಸಭೆ ಮುಗಿದ ಮೇಲೆ ಜಿಲ್ಲಾಧಿಕಾರಿಗಳಿಗೆ ಬರೆದ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿರುತ್ತದೆ. ಕುಡಿಯುವವರೂ ಕುಡಿಯದವರೂ ಕೂಡಿ ಸಹಿ ಮಾಡಬೇಕು. ಸಹಿ ಮಾಡಿದವರಲ್ಲಿ ಯಾರು ಕುಡಿಯುವವರು, ಯಾರು ಅಲ್ಲ ಎಂದು ಯಾರೂ ಕೇಳುವುದಿಲ್ಲ. ಸಂಜೆಯ ಚಿಕಿತ್ಸೆ ಆರಂಭವಾಗುವ ತನಕ ಈ ವಿಷಯ ಪ್ರತಿ ತಿಂಗಳ ಸಭೆಯಲ್ಲಿ ಬರುತ್ತದೆ ಎಂದು ಪಕ್ಷದ ಪರವಾಗಿ ಮಾತು ಕೊಡುತ್ತೇವೆ.