ಸೊಲ್ಲಾಪುರದ ಮಗ, ಚೀನಾದ ಅಳಿಯ



ಸೊಲ್ಲಾಪುರ ನಮಗೇನು ದೂರದ ಊರಲ್ಲ. ವಿಜಯಪುರದಿಂದ ಹೊರಟು ಭೀಮಾ ಹೊಳೆ ದಾಟಿದರೆ ಆ ಕಡೆ ಸಿಗ್ತದೆ. ಅಲ್ಲಿ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ನಮ್ಮಲ್ಲಿ ಕೆಲವರ ತವರೂ ಅಲ್ಲೇ ಇದೆ.

ಆ ಊರಿನ ಒಂದು ಮರಾಠಿ ಮನೆಯಲ್ಲಿ 1910ರಲ್ಲಿ ಒಬ್ಬ ಮಗ ಹುಟ್ಟಿದ. ಹೆಸರು ದ್ವಾರಕಾನಾಥ ಕೋಟ್ನಿಸ್. ಅಣ್ಣತಮ್ಮಂದಿರು, ಅಕ್ಕತಂಗಿಯರು ತುಂಬಿದ ಮನೆ. ಹುಡುಗ ಮುಂಬಯಿಗೆ ಹೋಗಿ ಡಾಕ್ಟರಿ ಓದಿದ. ಡಾಕ್ಟರಾದ ಮಗ ಹತ್ತಿರವೇ ದವಾಖಾನೆ ಇಡಲಿ ಅಂತ ಯಾವ ತಾಯಿಗೆ ಅನ್ನಿಸೋದಿಲ್ಲ ಹೇಳ್ರಿ?

ಆದರೆ ಆಗ ಚೀನಾದಲ್ಲಿ ಯುದ್ಧ. 1937ರಲ್ಲಿ ಜಪಾನಿನ ಸೈನ್ಯ ಆ ದೇಶದ ಮೇಲೆ ಏರಿ ಬಂದಿತ್ತು. ಗಾಯಗೊಂಡವರು ಲೆಕ್ಕವಿಲ್ಲ. ಡಾಕ್ಟರು ಸಾಲದು. ಚೀನಾದ ಸೇನಾಪತಿ ಝು ದೆ ಅವರು ನೆಹರೂ ಅವರಲ್ಲಿ ಸಹಾಯ ಕೇಳಿದರು. ನಾವು ಆಗ ಬ್ರಿಟಿಷರ ಕೈಯಲ್ಲಿದ್ದೆವು. ನಮ್ಮ ಬಡತನವೇ ನಮಗೆ ಸಾಕಾಗಿತ್ತು. ಆದರೂ 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸ್ ಕರೆ ಕೊಟ್ಟರು. ಜನ ದುಡ್ಡು ಕೂಡಿಸಿದರು. ಐದು ಮಂದಿ ಡಾಕ್ಟರು ಹಡಗು ಹತ್ತಿದರು. ಅವರಲ್ಲಿ ಕೋಟ್ನಿಸ್ ಒಬ್ಬರು. ಅವರಿಗಿನ್ನೂ 28 ತುಂಬಿರಲಿಲ್ಲ.

ಅಲ್ಲಿಗೆ ಹೋದ ಮೇಲೆ ಊರಿಂದ ಸುದ್ದಿ ಬಂತು. ಅಪ್ಪ ತೀರಿಕೊಂಡಿದ್ದರು. ಆಗಿನ ಹಡಗಿನ ದಾರಿ. ಹೊರಟರೂ ಮುಖ ನೋಡಲು ಸಿಗೋದಿಲ್ಲ. ಅವರು ಬರಲಿಲ್ಲ. ಇದನ್ನು ಓದಿದಾಗ ನಮಗೆ ಮನೆಯಲ್ಲಿ ಉಳಿದ ತಾಯಿಯೇ ಕಣ್ಣಿಗೆ ಕಟ್ಟಿದರು. ಮಗ ಮಾಡಿದ್ದು ಸರಿಯೋ ತಪ್ಪೋ? ನಮ್ಮೊಳಗೇ ಒಂದು ಮಾತಾಗಲಿಲ್ಲ. ನೀವೂ ಮಾತಾಡಿಕೊಳ್ಳಿರಿ.

ಯುದ್ಧ ಬೆಟ್ಟಗಾಡಿನಲ್ಲಿ ನಡೆದಿತ್ತು. ಆಸ್ಪತ್ರೆ ಅಂದರೆ ದೊಡ್ಡ ಕಟ್ಟಡ ಅಲ್ಲ, ಹಳ್ಳಿಯ ಮನೆಗಳು. ವೈರಿ ಹತ್ತಿರ ಬಂದರೆ ಗಾಯಾಳುಗಳನ್ನು ಹೊತ್ತು ಮುಂದಿನ ಊರಿಗೆ ನಡೆಯಬೇಕು. ಒಮ್ಮೆಯಂತೂ ಡಾಕ್ಟರು 72 ತಾಸು ನಿದ್ದೆಯಿಲ್ಲದೆ ಆಪರೇಷನ್ ಮಾಡಿದರಂತೆ. ಅಂದರೆ ಮೂರು ಹಗಲು, ಮೂರು ರಾತ್ರಿ.

ಇನ್ನೊಂದು ಕಷ್ಟ ಭಾಷೆಯದು. ಗಾಯಾಳು ನರಳುವುದು ಚೀನೀ ಭಾಷೆಯಲ್ಲಿ. ಎಲ್ಲಿ ನೋವು ಅಂತ ಕೇಳೋದು ಹೇಗೆ? ಡಾಕ್ಟರು ಕಲಿಯಲು ಕೂತರು. ನಮಗೆ ಕಾಗುಣಿತ, ಒತ್ತಕ್ಷರ ಬಂದರೆ ಏನನ್ನೂ ಓದಬಹುದು. ಚೀನೀ ಬರಹದಲ್ಲಿ ನಮ್ಮಂಥ ಅಕ್ಷರಮಾಲೆ ಇಲ್ಲ. ಸಾವಿರಾರು ಗುರುತುಗಳಿವೆ. ಪತ್ರಿಕೆ ಓದಬೇಕಾದರೆ ಎರಡು ಮೂರು ಸಾವಿರವಾದರೂ ನೆನಪಿರಬೇಕು! ಬಂದೂಕಿನ ಸದ್ದಿನ ನಡುವೆ ಅವರು ಅದನ್ನು ಕಲಿತರು.

ಈ ಕಲಿಕೆಯನ್ನು ಕಂಡು ಬೆರಗಾದವಳು ಒಬ್ಬ ಹೆಣ್ಣುಮಗಳು. ಗುವೊ ಚಿಂಗ್‌ಲಾನ್ ಅಂತ ಹೆಸರು. ನರ್ಸುಗಳಿಗೆ ಪಾಠ ಹೇಳುವ ಟೀಚರು. 1940ರಲ್ಲಿ ಅವರಿಬ್ಬರ ಭೇಟಿ ಆಯ್ತು. ಹೊರದೇಶದ ಡಾಕ್ಟರು ತನ್ನ ಭಾಷೆ ಮಾತಾಡ್ತಾರೆ, ಬರೆಯಲೂ ಬರ್ತದೆ! 1941ರ ಕೊನೆಗೆ ಮದುವೆ ಆಯ್ತು. ಅದೇ ವರ್ಷ ಕೋಟ್ನಿಸ್ ಅಲ್ಲಿನ ಬೆಥೂನ್ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಬೆಥೂನ್ ಎಂಬವರು ಕೆನಡಾದಿಂದ ಬಂದ ಡಾಕ್ಟರು. ಆಪರೇಷನ್ ಮಾಡುವಾಗ ಬೆರಳು ಕೊಯ್ದು, ನಂಜೇರಿ 1939ರಲ್ಲಿ ತೀರಿಕೊಂಡರು.

1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಇನ್‌ಹುವಾ ಅಂತ ಹೆಸರಿಟ್ಟರು. ಇನ್ ಅಂದರೆ ಭಾರತ, ಹುವಾ ಅಂದರೆ ಚೀನಾ.

ಡಾಕ್ಟರಿಗೆ ಮೂರ್ಛೆ ರೋಗ ಇತ್ತು. ನಾವು ಪಿಟ್ಸ್ ಅಂತೇವಲ್ಲ, ಅದು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡೋದು, ಉಳ್ಳಾಗಡ್ಡಿ ಮೂಸಿಸೋದು ಔಷಧ ಅಲ್ಲ. ಅದಕ್ಕೆ ಗುಳಿಗೆಗಳಿವೆ, ಸರಕಾರಿ ದವಾಖಾನೆಯಲ್ಲಿ ಕೇಳಿರಿ. ಆ ಬೆಟ್ಟದ ಹಳ್ಳಿಯಲ್ಲಿ, ಆ ದಣಿವಿನಲ್ಲಿ ರೋಗ ಹೆಚ್ಚಾಯಿತು. 1942ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ವಯಸ್ಸು 32. ಮಗುವಿಗೆ ನಾಲ್ಕು ತಿಂಗಳು ತುಂಬಿರಲಿಲ್ಲ. ಐವರು ಹೋಗಿದ್ದರು. ನಾಲ್ವರು ತಿರುಗಿ ಬಂದರು.

ಗುವೊ ಅವರು ಮುಂದೆ ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡರು. ಮಗನೂ ಅಪ್ಪನಂತೆ ಡಾಕ್ಟರಿ ಓದಲು ಸೇರಿದ್ದ. 1967ರಲ್ಲಿ ಅವನೂ ಹೋದ. ಆ ತಾಯಿ 2012ರವರೆಗೆ ಬದುಕಿದ್ದರು.

ಸೊಲ್ಲಾಪುರದಲ್ಲಿ ಕೋಟ್ನಿಸರ ಮನೆ ಈಗ ಸ್ಮಾರಕ ಆಗಿದೆ. ಆ ಕಡೆ ಹೋದಾಗ ಒಳಗೆ ಹೊಕ್ಕು ನೋಡಿ ಬನ್ನಿರಿ.