ಗಣಕದೊಳಗಿನ ಮ್ಯಾನೇಜರ್



ಚದುರಂಗದಲ್ಲಿ ಎಲ್ಲ ಕಾಯಿಗಳೂ ಕಣ್ಣೆದುರಿಗೇ ಇರುತ್ತವೆ. ಆದರೆ ಅದೃಷ್ಟವೂ ಬೆರೆತಿರುವ ಆಟದಲ್ಲಿ ಗಣಕಯಂತ್ರ ಹೇಗೆ ತೀರ್ಮಾನ ಕೈಗೊಳ್ಳುತ್ತದೆ? ಅಮೆರಿಕದ ಬೇಸ್‌ಬಾಲ್ ಇದಕ್ಕೆ ಒಳ್ಳೆಯ ಉದಾಹರಣೆ.

ಈ ಆಟದಲ್ಲಿ ಆಟಗಾರ ಮೂರು ಬೇಸ್‌ಗಳನ್ನು ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ರನ್. ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ. ತಂತ್ರವನ್ನು ನಿರ್ಧರಿಸುವವನು ಮ್ಯಾನೇಜರ್.

1987ರಲ್ಲಿ ಬಂದ 'ಅರ್ಲ್ ವೀವರ್ ಬೇಸ್‌ಬಾಲ್' ಎಂಬ ಗಣಕದ ಆಟದಲ್ಲಿ ಯಂತ್ರವೂ ಮ್ಯಾನೇಜರ್ ಆಗಬಲ್ಲದು. ವೀವರ್ ಅವರು ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಹೆಸರಾಂತ ಮ್ಯಾನೇಜರ್ ಆಗಿದ್ದರು. ಯಾವ ಬ್ಯಾಟರ್ ಯಾವ ಪಿಚರ್‌ನ ಎದುರು ಹೇಗೆ ಆಡಿದ್ದಾನೆಂದು ಕಾರ್ಡುಗಳಲ್ಲಿ ಬರೆದಿಡುತ್ತಿದ್ದವರು. ಆಟವನ್ನು ರೂಪಿಸಿದ ಡಾನ್ ಡ್ಯಾಗ್ಲೋ ಮತ್ತು ಎಡ್ಡೀ ಡಾಂಬ್ರೋವರ್ ಅವರೊಡನೆ ಚರ್ಚಿಸಿ, ಅವರ ಅನುಭವವನ್ನು ಪ್ರೋಗ್ರಾಮಿಗೆ ಇಳಿಸಿದರು.

ಇಂಥ ಮ್ಯಾನೇಜರ್ ಲೆಕ್ಕ ಹಾಕುವ ಬಗೆಯನ್ನು ನೋಡೋಣ. ನಿಮ್ಮವನೊಬ್ಬ ಮೊದಲ ಬೇಸ್‌ನಲ್ಲಿದ್ದಾನೆ, ಯಾರೂ ಔಟಾಗಿಲ್ಲ. ಬ್ಯಾಟರ್ 'ಬಂಟ್' ಮಾಡಬಹುದು. ಎಂದರೆ ಚೆಂಡನ್ನು ಮೆಲ್ಲಗೆ ತಟ್ಟಿ, ತಾನು ಔಟಾಗಿ, ಜೊತೆಗಾರನನ್ನು ಎರಡನೆಯ ಬೇಸ್‌ಗೆ ದಾಟಿಸಬಹುದು. ಈ ತ್ಯಾಗದಿಂದ ಲಾಭವುಂಟೇ? ಅಮೆರಿಕದ ದೊಡ್ಡ ಲೀಗ್‌ಗಳ ಸಾವಿರಾರು ಪಂದ್ಯಗಳ ಲೆಕ್ಕದ ಪ್ರಕಾರ, ಬಂಟ್‌ಗೆ ಮುಂಚಿನ ಸ್ಥಿತಿಯಿಂದ ಆ ಸರದಿಯಲ್ಲಿ ಬರುವ ರನ್‌ಗಳ ಸರಾಸರಿ ಸುಮಾರು 0.9. ಬಂಟ್ ಆದ ಮೇಲೆ ಅದು ಸುಮಾರು 0.7. ಅಂದರೆ ನಷ್ಟವೇ!

ಆದರೆ ಕೊನೆಯ ಸರದಿಯಲ್ಲಿ ಸಮಬಲವಿದ್ದು, ಗೆಲ್ಲಲು ಒಂದೇ ರನ್ ಸಾಕೆನ್ನಿ. ಆಗ 'ಎಷ್ಟು ರನ್?' ಎಂದಲ್ಲ, 'ಒಂದಾದರೂ ಬರುವುದೇ?' ಎಂದು ಕೇಳಬೇಕು. ಆ ಸಂಭವ ಎರಡೂ ಸ್ಥಿತಿಗಳಲ್ಲಿ ನೂರಕ್ಕೆ 40ರ ಆಸುಪಾಸಿನಲ್ಲೇ ಇರುತ್ತದೆ. ಬ್ಯಾಟರ್ ದುರ್ಬಲನಾಗಿದ್ದರೆ ಬಂಟ್ ಮಾಡಿಸುವುದೇ ಜಾಣತನವಾಗಬಹುದು. ಅಂಕಿಗಳು ಅವೇ, ಪ್ರಶ್ನೆ ಬದಲಾದಾಗ ಉತ್ತರವೂ ಬದಲಾಯಿತು.

ತೀರ್ಮಾನವಾದ ಮೇಲೆ ಪ್ರೋಗ್ರಾಮಿನ ಇನ್ನೊಂದು ಭಾಗವು ದಾಳ ಎಸೆದಂತೆ ಯಾದೃಚ್ಛಿಕ ಸಂಖ್ಯೆಯೊಂದನ್ನು ಆರಿಸಿ ಫಲಿತಾಂಶವನ್ನು ಹೇಳುತ್ತದೆ. ಪ್ರಾಮಾಣಿಕವಾಗಿ ಬರೆದ ಪ್ರೋಗ್ರಾಮಿನಲ್ಲಿ ಮ್ಯಾನೇಜರ್ ಆ ಸಂಖ್ಯೆಯನ್ನು ಮೊದಲೇ ಇಣುಕಿ ನೋಡುವಂತಿಲ್ಲ. ಆದ್ದರಿಂದ ಸರಿಯಾದ ತೀರ್ಮಾನ ಮಾಡಿಯೂ ಅದು ಸೋಲಬಹುದು.

ಮನೆಯಲ್ಲೇ ಒಂದು ದಾಳ ತೆಗೆದುಕೊಳ್ಳಿ. ಒಂದು ಬಿದ್ದರೆ ಸೋಲು, ಬೇರೇನೇ ಬಿದ್ದರೂ ಗೆಲುವು ಎಂದಿಟ್ಟುಕೊಳ್ಳಿ. ಮೊದಲ ಎಸೆತಕ್ಕೇ ಒಂದು ಬಿದ್ದರೆ ನಿಮ್ಮ ಆಯ್ಕೆ ತಪ್ಪಾಗಿತ್ತೇ? ಅಲ್ಲ. ಅರವತ್ತು ಸಲ ಎಸೆದು ಬರೆದಿಡಿ. ಆಯ್ಕೆ ಸರಿಯಾಗಿತ್ತೆಂದು ನಿಮಗೇ ಕಾಣುತ್ತದೆ. ಒಂದು ಸೋಲಿನಿಂದ ನಿಮ್ಮನ್ನಾಗಲಿ ಇತರರನ್ನಾಗಲಿ ಅಳೆಯುವ ಮುನ್ನ ಈ ದಾಳವನ್ನು ನೆನೆಯಿರಿ.